ವಠಾರದ ಬಾಗಿಲ ನಂಬರು

ಮೈಸೂರಿನ ಹಳೆಯ ವಠಾರಗಳಲ್ಲಿ ಬಾಳಿದವರಿಗೆ ಗೊತ್ತು: ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು, ಒಳಗೆ ಎಂಟು ಹತ್ತು ಸಂಸಾರ. ‘ಮೂರನೆಯ ಮನೆ’ ಎಂಬ ಗುರುತು ಒಳಗಿನವರಿಗೆ ಸಾಕು, ಊರಾಚೆಯಿಂದ ಕಾಗದ ಬರೆಯುವವರಿಗೆ ಸಾಲದು. ಮನೆಯ ಕಂಪ್ಯೂಟರಿನ ಕಥೆಯೂ ಇದೇ.

ಕುವೆಂಪುನಗರದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮನೆಯ ಕಂಪ್ಯೂಟರಿನಲ್ಲಿರುವ ತನ್ನ ಪ್ರಾಜೆಕ್ಟನ್ನು ಕಾಲೇಜಿನ ಪರೀಕ್ಷಕರಿಗೆ ತೋರಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ವಿಳಾಸವೇನೆಂದು ಕಂಪ್ಯೂಟರನ್ನೇ ಕೇಳಿದರೆ 192.168.1.5 ಎನ್ನುತ್ತದೆ. ಅದನ್ನು ಹಿಡಿದು ಕಾಲೇಜಿನಿಂದ ಯಾರೂ ಅವನ ಮನೆ ಮುಟ್ಟಲಾರರು. ತಪ್ಪು ಪ್ರಾಜೆಕ್ಟಿನದಲ್ಲ. ಖಾಸಗಿ ಬಳಕೆಗೆಂದೇ ಬಿಟ್ಟ ವಿಳಾಸಗಳಲ್ಲಿ ಅದೂ ಒಂದು. 1990ರ ದಶಕದಿಂದ ಇರುವ ಏರ್ಪಾಡಿದು. ಹಳೆಯ ಪದ್ಧತಿಯಲ್ಲಿ ಒಟ್ಟು ವಿಳಾಸಗಳೇ ಸುಮಾರು 429 ಕೋಟಿ. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಹೀಗಾಗಿ ಒಂದೇ ಸಾರ್ವಜನಿಕ ವಿಳಾಸದಲ್ಲಿ ರೂಟರ್ ಮನೆಯ ಎಲ್ಲ ಯಂತ್ರಗಳ ವ್ಯವಹಾರ ನಡೆಸುತ್ತದೆ.

ಹೊರಗಿನ ವಿಳಾಸವನ್ನು ಹೊರಗಿನವರನ್ನೇ ಕೇಳಿ ತಿಳಿಯಬೇಕು. ಕೋರಿಕೆ ಯಾವ ವಿಳಾಸದಿಂದ ಬಂತೆಂದು ತೋರಿಸುವ ತಾಣಗಳಿವೆ. ಅಲ್ಲಿ ಕಂಡದ್ದನ್ನು ರೂಟರಿನ ಪುಟದಲ್ಲಿರುವ ಇಂಟರ್‌ನೆಟ್ ಕಡೆಯ ವಿಳಾಸದೊಡನೆ ಹೋಲಿಸಬೇಕು. ಎರಡೂ ಒಂದೇ ಆದರೆ ಚಿಂತೆಯಿಲ್ಲ. ಹೊರಗಿನಿಂದ ಬಂದವರನ್ನು ಯಾವ ಯಂತ್ರಕ್ಕೆ ಕಳಿಸಬೇಕೆಂದು ರೂಟರಿಗೆ ಹೇಳಿಟ್ಟರಾಯಿತು. ರೂಟರಿನ ವಿಳಾಸ 100.64ರಿಂದ 100.127ರ ನಡುವಿನದಾದರೆ, ಸೇವೆ ಕೊಡುವ ಕಂಪನಿಯೇ ಹಲವು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂರಿಸಿದೆ ಎಂದರ್ಥ. ವಠಾರದೊಳಗೊಂದು ವಠಾರ! ಆಗ ಆ ವಿಳಾಸದ ಮೂಲಕ ನೇರ ದಾರಿಯಿಲ್ಲ.

ಇಂದಿದ್ದ ವಿಳಾಸ ನಾಳೆಯೂ ಇರುತ್ತದೆ ಎಂಬ ಭರವಸೆಯೂ ಇಲ್ಲ. ಒಂದು ವಾರ ದಿನವೂ, ರೂಟರನ್ನು ಆರಿಸಿ ಹಚ್ಚಿದ ಮೇಲೂ ನೋಡಿ ಬರೆದಿಟ್ಟರೆ ಅದರ ಚಾಳಿ ತಿಳಿಯುತ್ತದೆ. ಬದಲಾಗುವ ವಿಳಾಸವನ್ನು ಒಂದು ಹೆಸರಿಗೆ ತಾನಾಗಿ ಜೋಡಿಸುವ ‘ಡೈನಾಮಿಕ್ ಡಿಎನ್‌ಎಸ್’ ಸೇವೆಯುಂಟು. ಕಂಪನಿಯ ವಠಾರದಲ್ಲಿರುವವರಿಗೆ ಅದು ಸಾಲದು. ಅವರು ಸ್ಥಿರ ವಿಳಾಸ ಸಿಗುವುದೇ ಎಂದು ಕಂಪನಿಯನ್ನು ವಿಚಾರಿಸಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಮಾಡುವ ಕೆಲಸವಂತೂ ಇದಲ್ಲ.

ತಂದೆ ತಾಯಂದಿರಿಗೂ ಇದರಲ್ಲಿ ಒಂದು ಮಾತಿದೆ. ಆ ಸಂಖ್ಯೆ ತೋರಿಸುವುದು ಬಾಗಿಲನ್ನು, ಮನುಷ್ಯನನ್ನಲ್ಲ. ಪಿ.ಜಿ.ಯ ಹತ್ತು ಹುಡುಗರು ಒಂದೇ ವೈಫೈ ಬಳಸುವಾಗ ಒಬ್ಬನ ಕಿತಾಪತಿಗೆ ವಿಚಾರಣೆ ಎಲ್ಲರನ್ನೂ ಸುತ್ತಿಕೊಳ್ಳಬಹುದು. ಮನೆಯ ಬೀಗದ ಕೈ ಯಾರ ಕೈಯಲ್ಲಿದೆ ಎಂದು ನೋಡುವಷ್ಟೇ ಎಚ್ಚರ ವೈಫೈ ಪಾಸ್‌ವರ್ಡಿನ ಬಗೆಗೂ ಇರಲಿ.