ಮನೆಯ ಪಟ

೨೦೧೯ನೆಯ ಆಗಸ್ಟ್ ಮಾಸದ ಮಳೆಗೆ ಮೂಡಿಗೆರೆಯ ಸೀಮೆಯಲ್ಲಿ ಗುಡ್ಡಗಳು ಕುಸಿದು ಅನೇಕರ ಮನೆಗಳು ಮಣ್ಣುಪಾಲಾದುವು. ನಮ್ಮ ನೆರೆಯ ವೃದ್ಧೆಯೊಬ್ಬಳು ಕಾಫಿತೋಟದಂಚಿನ ಅದೇ ಬುಡದಲ್ಲಿ ಮತ್ತೆ ಕಟ್ಟತೊಡಗಿದಳು.

ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತಕ್ಕೂ ಅಕ್ಷಾಂಶ ರೇಖಾಂಶಗಳೊಡನೆ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ಕಳುಹಿದ ಮೇಲೆಯೇ ವಸತಿ ಯೋಜನೆಯ ಹಣವು ಬ್ಯಾಂಕಿನ ಖಾತೆಗೆ ಸೇರುವುದಷ್ಟೆ. ಕಟ್ಟದ ಮನೆಗೆ ಲೆಕ್ಕ ಬರೆಯುವ ಚಾತುರ್ಯಕ್ಕೆ ಇದು ಒಳ್ಳೆಯ ಕಡಿವಾಣವೆಂದು ನಾವು ಮೆಚ್ಚಿದೆವು.

ವೃದ್ಧೆ ಮಾತ್ರ, “ಮಗಾ, ಮನೇ ಪಟ ತೆಗೆದೆ, ಹಿಂದಿನ ಧರೇದೂ ಒಂದು ತೆಗಿ ಮಾರಾಯ” ಎಂದಳು. ಅದಕ್ಕೆ ಇದರಲ್ಲಿ ಎಡೆಯಿಲ್ಲವೆಂದು ತರುಣನು ನಕ್ಕನು, ನಾವೂ ನಕ್ಕೆವು. ಆ ರಾತ್ರಿ ಮಳೆ ಹಿಡಿದಾಗ ನಮ್ಮ ನಗೆ ಉಳಿಯಲಿಲ್ಲ.

ಯಂತ್ರವು ಮನೆಯಿರುವ ತಾಣವನ್ನು ತೋರಿಸಬಲ್ಲುದು. ಧರೆಯ ಗುಣವರಿತು ತಾಣವನ್ನು ಆರಿಸುವ ಹೊಣೆ ಮನುಷ್ಯನದೇ.