ಜೋಡಿ ತಪ್ಪಿದ ತಂತಿಗಳು

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಎಷ್ಟು ಬಗೆಯ ಕೇಬಲ್‌ಗಳಿವೆ? ಒಮ್ಮೆ ಎಣಿಸಿ ನೋಡಿ. ಮೈಕಿನಿಂದ ಆಂಪ್ಲಿಫೈಯರಿಗೆ ಒಂದು, ಅಲ್ಲಿಂದ ಸ್ಪೀಕರಿಗೆ ಇನ್ನೊಂದು. ಕಂಪ್ಯೂಟರಿಗೆ ಇಂಟರ್ನೆಟ್ ತರುವುದು ಮತ್ತೊಂದು. ಗುರುಗಳ ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲ್ ಮಗದೊಂದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಲೋಹದ ತಂತಿ. 'ತಂತಿ ಅಂದರೆ ತಂತಿ, ಅದರಲ್ಲೇನು ಹೆಚ್ಚು ಕಡಿಮೆ?' ಎಂದು ನಾನೂ ಬಹಳ ವರ್ಷ ನಂಬಿದ್ದೆ. ವಿಜ್ಞಾನದ ಮೇಷ್ಟ್ರಾಗಿದ್ದೂ ಆ ನಂಬಿಕೆಯಿಂದಾಗಿ ಎರಡು ಸಲ ಮಕ್ಕಳ ಮುಂದೆ ತಲೆ ತಗ್ಗಿಸಿದ್ದೇನೆ. ಆ ಎರಡು ಪ್ರಸಂಗಗಳನ್ನು ನಿಮಗೆ ಹೇಳುತ್ತೇನೆ, ಕೇಳಿ.

ಗುಂಯ್‌ಗುಟ್ಟಿದ ಮೈಕು

ಮೊದಲನೆಯದು 2003ರ ಆಗಸ್ಟ್ 15ರಂದು ನಡೆದದ್ದು. ನಮ್ಮ ಶಾಲೆಯ ಮೈಕಿನ ಕೇಬಲನ್ನು ಇಲಿ ಕಡಿದಿತ್ತು. ಹೊಸದು ತರಲು ಹಣವಿರಲಿಲ್ಲ. ಸ್ಟೋರ್ ರೂಮಿನಲ್ಲಿ ಬಲ್ಬು ಹಾಕಲು ತಂದಿದ್ದ ಎರಡೆಳೆಯ ಕರೆಂಟ್ ವೈರು ಉಳಿದಿತ್ತು. ಅದನ್ನೇ ಸುಮಾರು 15 ಮೀಟರ್ ಕತ್ತರಿಸಿ ಮೈಕಿಗೆ ಜೋಡಿಸಿದೆ. ಯಾರೂ ಎಡವಬಾರದೆಂದು ಆಂಪ್ಲಿಫೈಯರಿನ ಕರೆಂಟ್ ವೈರಿನ ಜೊತೆಗೇ ಸೇರಿಸಿ ಟೇಪು ಸುತ್ತಿದೆ. 'ದುಡ್ಡು ಉಳಿಸಿದೆ' ಎಂದು ಹೆಮ್ಮೆಯೂ ಆಯಿತು!

ಅಂದು ಏಳನೇ ತರಗತಿಯ ಹುಡುಗಿಯೊಬ್ಬಳು ಭಾಷಣ ಮಾಡಬೇಕಿತ್ತು. ತೀರಾ ಸಣ್ಣ ದನಿಯವಳು. ಹದಿನೈದು ದಿನ ಅಭ್ಯಾಸ ಮಾಡಿದ್ದಳು. ಅವಳ ಭಾಷಣ ಕೇಳಲೆಂದೇ ಅವಳ ತಾಯಿ ಕೂಲಿ ಕೆಲಸ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಮೈಕ್ ಹಾಕಿದೊಡನೆ 'ಗುಂಯ್...' ಎಂಬ ಸದ್ದು ಶುರುವಾಯಿತು. ಸ್ವರ ಹೆಚ್ಚಿಸಿದರೆ ಗುಂಯ್ ಸದ್ದೂ ಹೆಚ್ಚುತ್ತಿತ್ತು. ಅವಳು ಪೂರ್ತಿ ಭಾಷಣ ಮುಗಿಸಿದಳು, ಆದರೆ ಮೂರನೇ ಸಾಲಿನಾಚೆಗೆ ಒಂದು ಮಾತೂ ಕೇಳಿಸಲಿಲ್ಲ. ಸಿಹಿ ಹಂಚುವಾಗ ನನ್ನ ಬಳಿ ಬಂದು, "ಸಾರ್, ನಾನು ಜೋರಾಗಿ ಮಾತಾಡ್ಬೇಕಿತ್ತಾ?" ಎಂದು ಕೇಳಿದಳು. ತಪ್ಪು ಅವಳದಲ್ಲ ಎಂದು ನನಗೆ ಗೊತ್ತಿತ್ತು. ಯಾರದು ಎಂದು ಗೊತ್ತಿರಲಿಲ್ಲ.

ಮರುದಿನ ಆಂಪ್ಲಿಫೈಯರ್ ಹೊತ್ತು ಪೇಟೆಯ ರೇಡಿಯೋ ರಿಪೇರಿಯವರ ಬಳಿಗೆ ಹೋದೆ. ಅವರು ಪೆಟ್ಟಿಗೆಯನ್ನು ಬಿಚ್ಚಲೇ ಇಲ್ಲ. ವೈರನ್ನು ಕೈಯಲ್ಲಿ ಹಿಡಿದು ನಕ್ಕರು. "ಮೇಷ್ಟ್ರೇ, ಪೆಟ್ಟಿಗೆ ಚೆನ್ನಾಗಿದೆ. ಈ ವೈರು ಬಲ್ಬಿಗೆ ಸರಿ, ಮಾತಿಗಲ್ಲ" ಎಂದರು.

ಏಕೆ ಹಾಗೆ? ನಮ್ಮ ಮನೆಗೆ ಬರುವ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ಹಿಂದೆ ಮುಂದೆ ಓಡಾಡುವ ಪರ್ಯಾಯ ವಿದ್ಯುತ್ತು. ಅದು ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರವೂ ಅಷ್ಟೇ ವೇಗದಲ್ಲಿ ಬದಲಾಗುತ್ತಿರುತ್ತದೆ. ಬದಲಾಗುವ ಕಾಂತಕ್ಷೇತ್ರ ಹತ್ತಿರದ ತಂತಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ ಎಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟಿದ್ದ. ಸೈಕಲ್ಲಿನ ಡೈನಮೊ ದೀಪ ಬೆಳಗುವುದೂ ಇದೇ ತತ್ವದಿಂದ. ಮೈಕು ಹುಟ್ಟಿಸುವ ಸಂಕೇತವಾದರೋ ಕೆಲವೇ ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಸಾವಿರದ ಕೆಲವು ಭಾಗ. ಕರೆಂಟ್ ವೈರಿಗೆ ಅಂಟಿಕೊಂಡಿದ್ದ ನನ್ನ ಮೈಕ್ ವೈರಿನಲ್ಲಿ ಆ ಹುಡುಗಿಯ ಸಣ್ಣ ಸಂಕೇತದ ಜೊತೆ ಕರೆಂಟಿನ ಗುಂಯ್ ಸಂಕೇತವೂ ಸೇರಿಕೊಂಡಿತು. ಯಾವುದು ಮಾತು, ಯಾವುದು ಗದ್ದಲ ಎಂದು ಆಂಪ್ಲಿಫೈಯರಿಗೆ ಏನು ಗೊತ್ತು? ಎರಡನ್ನೂ ದೊಡ್ಡದು ಮಾಡಿ ಹೊರಗೆ ಕಳಿಸಿತು.

"ಹಾಗಾದರೆ ಸ್ಪೀಕರಿಗೂ ಇಂಥದೇ ವೈರು ಹಾಕಿದ್ದೀನಲ್ಲ, ಅದು ಯಾಕೆ ಗುಂಯ್ ಅನ್ನುವುದಿಲ್ಲ?" ಎಂದು ಕೇಳಿದೆ. ಅವರ ಉತ್ತರ ಸರಳವಾಗಿತ್ತು. ಸ್ಪೀಕರಿಗೆ ಹೋಗುವಾಗ ಸಂಕೇತ ಸಾವಿರಾರು ಪಟ್ಟು ದೊಡ್ಡದಾಗಿರುತ್ತದೆ. ಅದರ ಮುಂದೆ ಆ ಸಣ್ಣ ಗದ್ದಲ ಲೆಕ್ಕಕ್ಕಿಲ್ಲ. ಅಲ್ಲಿ ಬೇಕಾದುದು ದಪ್ಪ ತಂತಿ. ದಪ್ಪವಿದ್ದಷ್ಟೂ ರೋಧ ಕಡಿಮೆ, ದಾರಿಯಲ್ಲಿ ಪೋಲಾಗುವ ಶಕ್ತಿಯೂ ಕಡಿಮೆ.

ಬಳಿಕ ಅವರು ನಿಜವಾದ ಮೈಕ್ ಕೇಬಲೊಂದನ್ನು ಸೀಳಿ ತೋರಿಸಿದರು. ಒಳಗೆ ಎರಡು ತಂತಿಗಳು ಜಡೆಯಂತೆ ಒಂದನ್ನೊಂದು ಸುತ್ತಿಕೊಂಡಿದ್ದವು. ಅವುಗಳ ಮೇಲೆ ತೆಳ್ಳನೆಯ ತಾಮ್ರದ ಎಳೆಗಳ ಬಲೆ. ಆ ಬಲೆ ಕೊಡೆಯಿದ್ದಂತೆ. ಹೊರಗಿನ ಗದ್ದಲದ ಬಹುಭಾಗವನ್ನು ತಾನೇ ಹೀರಿ ಭೂಸಂಪರ್ಕದ ಕಡೆಗೆ ಸಾಗಿಸುತ್ತದೆ.

ಆದರೆ ಆ ಜಡೆ ಏಕೆ? ಎರಡು ತಂತಿ ನೇರವಾಗಿ ಅಕ್ಕಪಕ್ಕ ಇದ್ದರೆ, ಕರೆಂಟ್ ವೈರಿಗೆ ಹತ್ತಿರವಿರುವ ತಂತಿಗೆ ಗದ್ದಲ ಹೆಚ್ಚು, ದೂರದ್ದಕ್ಕೆ ಕಡಿಮೆ. ಆ ವ್ಯತ್ಯಾಸವೇ ನಮಗೆ ಕೇಳಿಸುವ ಗುಂಯ್. ಜಡೆ ಹೆಣೆದರೆ? ಒಂದು ಸುತ್ತಿನಲ್ಲಿ ಇದು ಹತ್ತಿರ, ಮುಂದಿನ ಸುತ್ತಿನಲ್ಲಿ ಅದು ಹತ್ತಿರ. ಕೊನೆಗೆ ಎರಡರಲ್ಲೂ ಗದ್ದಲ ಸಮಸಮ! ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಸೊನ್ನೆ, ಮಾತು ಮಾತ್ರ ಉಳಿಯುತ್ತದೆ.

ಇದು ಹಳೆಯ ಉಪಾಯ. ಮೊದಮೊದಲ ಟೆಲಿಫೋನ್‌ಗಳಿಗೆ ಒಂದೇ ತಂತಿ ಇತ್ತು. ಮರಳುವ ದಾರಿಯಾಗಿ ಭೂಮಿಯನ್ನೇ ಬಳಸುತ್ತಿದ್ದರು. ಸುತ್ತಲಿನ ಗದ್ದಲವೆಲ್ಲ ಅದರಲ್ಲಿ ಕೇಳಿಸುತ್ತಿತ್ತು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಎರಡು ತಂತಿ ಬಳಸಿ ಅವುಗಳನ್ನು ತಿರುಚುವ ಉಪಾಯಕ್ಕೆ 1881ರಲ್ಲಿ ಪೇಟೆಂಟ್ ಪಡೆದ. ಕಂಬದ ಮೇಲಿನ ತಂತಿಗಳನ್ನು ತಿರುಚಲಾಗದು. ಅಲ್ಲಿ ಕೆಲವು ಕಂಬಗಳಿಗೊಮ್ಮೆ ಎರಡು ತಂತಿಗಳ ಜಾಗ ಅದಲುಬದಲು ಮಾಡುತ್ತಿದ್ದರು. ತತ್ವ ಅದೇ.

ಹೊಸ ಕೇಬಲ್ ತಂದೆ. 2004ರ ಜನವರಿ 26ರಂದು ಅದೇ ಹುಡುಗಿಗೆ ಮತ್ತೆ ಅವಕಾಶ ಕೊಟ್ಟೆವು. ಅವಳ ಸಣ್ಣ ದನಿ ರಸ್ತೆಯವರೆಗೂ ಕೇಳಿಸಿತು.

ಮೋಡದ ಹಿಂದಿನ ಶುಕ್ರ

ಇಷ್ಟೆಲ್ಲ ಕಲಿತ ಮೇಲೆ ನಾನು ಮತ್ತೆ ತಪ್ಪು ಮಾಡಿದೆ ಎಂದರೆ ನಂಬುತ್ತೀರಾ?

2012ರ ಜೂನ್ 6ರಂದು ಶುಕ್ರ ಸಂಕ್ರಮಣವಿತ್ತು. ಶುಕ್ರಗ್ರಹ ಸೂರ್ಯನ ಮುಂದೆ ಕಪ್ಪು ಚುಕ್ಕೆಯಾಗಿ ಹಾದುಹೋಗುವ ಅಪರೂಪದ ನೋಟ. ನಮ್ಮಲ್ಲಿ ಸೂರ್ಯೋದಯದಿಂದ ಸುಮಾರು 10 ಗಂಟೆ 20 ನಿಮಿಷದವರೆಗೆ ಅದನ್ನು ನೋಡಬಹುದಿತ್ತು. ಮುಂದಿನದು 2117ರ ಡಿಸೆಂಬರಿನಲ್ಲಿ! ಸೌರ ಕನ್ನಡಕಗಳನ್ನು ತರಿಸಿದ್ದೆವು. ಆದರೆ ಮುಂಗಾರಿನ ಮೋಡ ಬಿಡಬೇಕಲ್ಲ? ಅದಕ್ಕೇ ಇಂಟರ್ನೆಟ್ಟಿನಲ್ಲಿ ನೇರ ಚಿತ್ರ ತೋರಿಸುವ ವ್ಯವಸ್ಥೆಯನ್ನೂ ಮಾಡಿದ್ದೆ. ಇಂಟರ್ನೆಟ್ ಇದ್ದುದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಕಂಪ್ಯೂಟರ್ ಇದ್ದುದು 60 ಮೀಟರ್ ದೂರದ ಕೊಠಡಿಯಲ್ಲಿ. ನಾನೇ ಕೇಬಲ್ ಎಳೆದು ಎರಡು ತುದಿಗೂ ಪ್ಲಗ್ ಒತ್ತಿದೆ. ಪರೀಕ್ಷಿಸುವ ಪುಟ್ಟ ಯಂತ್ರದಲ್ಲಿ ಎಂಟು ತಂತಿಗಳ ಎಂಟು ದೀಪಗಳೂ ಸಾಲಾಗಿ ಬೆಳಗಿದವು. ನಿಶ್ಚಿಂತೆಯಾದೆ.

ಅಂದು ಬೆಳಗ್ಗೆ ಎಂಟೂವರೆಗೇ ಅರವತ್ತು ಮಕ್ಕಳು ಬಂದಿದ್ದರು. ಆಕಾಶದ ತುಂಬ ಮೋಡ. ಕಂಪ್ಯೂಟರ್ ಹಾಕಿದರೆ ಚಿತ್ರ ಅರ್ಧ ಬರುವುದು, ನಿಲ್ಲುವುದು, ಸಂಪರ್ಕ ಕಡಿದುಹೋಗುವುದು. ಕೊನೆಗೆ ಕಂಪ್ಯೂಟರನ್ನೇ ಹೊತ್ತು ಮುಖ್ಯೋಪಾಧ್ಯಾಯರ ಕೊಠಡಿಗೆ ತಂದೆವು. ಒಂದೂವರೆ ಮೀಟರಿನ ಸಿದ್ಧ ಕೇಬಲ್ ಚುಚ್ಚಿದೊಡನೆ ಚಿತ್ರ ಬಂತು. ಆದರೆ ಆಗ ಗಂಟೆ ಹತ್ತೂಕಾಲು. ಮುಂದೆ ನಿಂತಿದ್ದ ಹತ್ತು ಹನ್ನೆರಡು ಮಕ್ಕಳು ಸೂರ್ಯನ ಅಂಚಿನಲ್ಲಿದ್ದ ಕಪ್ಪು ಚುಕ್ಕೆ ಕಂಡರು. ಉಳಿದವರು ಸಾಲು ಸರಿಯುವಷ್ಟರಲ್ಲಿ ಚುಕ್ಕೆ ಹೊರಟುಹೋಗಿತ್ತು.

ಕಾರಣ ಕಂಡುಹಿಡಿದದ್ದು ನಾನಲ್ಲ. ಅಂದು ಮಧ್ಯಾಹ್ನ ಒಬ್ಬ ಹುಡುಗ ಎರಡು ಕೇಬಲ್‌ಗಳ ಪಾರದರ್ಶಕ ಪ್ಲಗ್‌ಗಳನ್ನು ಅಕ್ಕಪಕ್ಕ ಹಿಡಿದು, "ಸಾರ್, ಕಂಪನಿ ಕೇಬಲಿನಲ್ಲಿ ಹಸಿರು ಜೋಡಿ ದೂರ ದೂರ ಇದೆ. ನಿಮ್ಮದರಲ್ಲಿ ಪಕ್ಕಪಕ್ಕ ಇದೆ" ಎಂದ.

ನೆಟ್‌ವರ್ಕ್ ಕೇಬಲಿನಲ್ಲಿ ಎಂಟು ತಂತಿಗಳು ನಾಲ್ಕು ಜಡೆಗಳಾಗಿರುತ್ತವೆ. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣಕ್ಕೂ ಬಿಳಿ ಪಟ್ಟೆಯ ಒಂದು ಸಂಗಾತಿ. ಪ್ಲಗ್ಗಿನಲ್ಲಿ 1 ಮತ್ತು 2 ಒಂದು ಜೋಡಿ, ಸರಿ. ಆದರೆ ಎರಡನೆಯ ಜೋಡಿ 3 ಮತ್ತು 4 ಅಲ್ಲ, 3 ಮತ್ತು 6! ಹಳೆಯ ಟೆಲಿಫೋನ್ ಪದ್ಧತಿಯಲ್ಲಿ ನಡುವಿನ ಎರಡು ಸ್ಥಾನಗಳು ಒಂದು ಜೋಡಿಯಾಗಿದ್ದವು. ಅದನ್ನು ಉಳಿಸಿಕೊಂಡದ್ದರಿಂದ ಈ ಜೋಡಿ ಅದರ ಎರಡು ಬದಿಗೆ ಸರಿಯಬೇಕಾಯಿತು. ನಾನು ನೋಡಲು ಅಂದವಾಗಿರಲೆಂದು ಬಣ್ಣಗಳನ್ನು ಸಾಲಾಗಿ ಜೋಡಿಸಿದ್ದೆ. ಹಾಗಾಗಿ 3ರಲ್ಲಿ ಬಿಳಿ-ಹಸಿರು, 6ರಲ್ಲಿ ನೀಲಿ ಕೂತಿತ್ತು. ಒಂದೇ ಸಂಕೇತದ ಎರಡು ತಂತಿಗಳು ಬೇರೆ ಬೇರೆ ಜಡೆಗಳಲ್ಲಿ ಓಡುತ್ತಿದ್ದವು. ಗದ್ದಲವನ್ನು ಕಳೆಯುವ ಸಂಗಾತಿಯೇ ಪಕ್ಕದಲ್ಲಿರಲಿಲ್ಲ. ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂದಷ್ಟೇ ದೀಪದ ಯಂತ್ರ ನೋಡುತ್ತದೆ. ಯಾರ ಜೊತೆ ಓಡುತ್ತಿದೆ ಎಂದು ಅದು ನೋಡುವುದಿಲ್ಲ.

ಸರಿಯಾದ ಸಾಲು ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲಗ್ ಬದಲಿಸಿದ್ದಷ್ಟೇ ತಡ, ಅದೇ ಕೇಬಲ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಭಾಷಣವನ್ನು ಮತ್ತೆ ಮಾಡಿಸಿದಂತೆ ಶುಕ್ರ ಸಂಕ್ರಮಣವನ್ನು ಮತ್ತೆ ಮಾಡಿಸಲಾಗದು.

ಕೇಬಲ್ ಆರಿಸುವಾಗ

ನಿಮ್ಮ ಶಾಲೆಗೆ ಕೇಬಲ್ ತರುವಾಗ ಗುರುಗಳ ಜೊತೆ ನೀವೂ ಈ ಪ್ರಶ್ನೆಗಳನ್ನು ಕೇಳಿ. ಇದರಲ್ಲಿ ಹರಿಯುವ ಸಂಕೇತ ಸಣ್ಣದೋ ದೊಡ್ಡದೋ? ಮೈಕಿನಂಥ ಸಣ್ಣ ಸಂಕೇತಕ್ಕೆ ಬಲೆಯಿರುವ ಕೇಬಲೇ ಬೇಕು. ಅದನ್ನು ಕರೆಂಟ್ ವೈರಿನಿಂದ ದೂರ ಎಳೆಯಿರಿ. ದಾಟಲೇಬೇಕಾದರೆ ಅಡ್ಡವಾಗಿ, ಲಂಬಕೋನದಲ್ಲಿ ದಾಟಿಸಿ. ಸ್ಪೀಕರಿಗೆ ದಪ್ಪ ತಂತಿ ಸಾಕು.

ಎಷ್ಟು ದೂರ? ನೆಟ್‌ವರ್ಕ್ ಕೇಬಲಿಗೆ 100 ಮೀಟರ್ ಮಿತಿ. ಮೈಮೇಲೆ 'ಕ್ಯಾಟ್ 5ಇ' ಎಂದು ಅಚ್ಚಾಗಿದ್ದರೆ ಅಷ್ಟು ದೂರಕ್ಕೆ ಸೆಕೆಂಡಿಗೆ 1000 ಮೆಗಾಬಿಟ್ ಮಾಹಿತಿ ಸಾಗಿಸಬಲ್ಲದು. ಅದಕ್ಕಿಂತ ದೂರವಿದ್ದರೆ ಗಾಜಿನ ಎಳೆಯಲ್ಲಿ ಬೆಳಕು ಸಾಗಿಸುವ ಆಪ್ಟಿಕಲ್ ಫೈಬರ್ ಒಳ್ಳೆಯದು. ಬೆಳಕಿಗೆ ಕರೆಂಟ್ ವೈರಿನ ಗದ್ದಲ ತಟ್ಟುವುದಿಲ್ಲ.

ಒಳಗಿರುವುದು ತಾಮ್ರವೇ? ಅಗ್ಗದ ಕೆಲವು ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪನವಷ್ಟೇ ಇರುತ್ತದೆ. ಗುರುಗಳು ಬ್ಲೇಡಿನಿಂದ ತುದಿ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದರ ರೋಧ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತದೆ.

ಹಾಗೆಂದು ದುಬಾರಿಯೆಲ್ಲ ಒಳ್ಳೆಯದಲ್ಲ. ಎಚ್‌ಡಿಎಂಐಯಂಥ ಡಿಜಿಟಲ್ ಕೇಬಲಿನಲ್ಲಿ ಹರಿಯುವುದು ಸೊನ್ನೆ ಮತ್ತು ಒಂದು. ಅವು ಸರಿಯಾಗಿ ತಲುಪಿದರೆ ಚಿನ್ನದ ಲೇಪನದ ಕೇಬಲಿಗೂ ಸಾದಾ ಕೇಬಲಿಗೂ ಚಿತ್ರದಲ್ಲಿ ವ್ಯತ್ಯಾಸವಿರುವುದಿಲ್ಲ. ಚಿನ್ನ ತುಕ್ಕು ಹಿಡಿಯುವುದಿಲ್ಲ ಎಂಬುದಷ್ಟೇ ಲಾಭ.

ಮಾಡಿ ನೋಡಿ

ಕೆಟ್ಟುಹೋದ ಹಳೆಯ ಯುಎಸ್‌ಬಿ ಕೇಬಲೊಂದನ್ನು ಎರಡೂ ತುದಿಯಿಂದ ಬಿಡಿಸಿ ಗುರುಗಳ ಕೈಯಿಂದ ಸೀಳಿಸಿ. (ಪ್ಲಗ್ಗಿನಲ್ಲಿ ಚುಚ್ಚಿರುವ ಯಾವ ವೈರನ್ನೂ ಮುಟ್ಟಬೇಡಿ!) ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು ತಂತಿಗಳು ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಮಾಹಿತಿಗೆ. ಕೆಲವು ಕೇಬಲ್‌ಗಳಲ್ಲಿ ಹಸಿರು, ಬಿಳಿ ಇರುವುದೇ ಇಲ್ಲ. ಅಂಥ ಕೇಬಲಿನಿಂದ ಮೊಬೈಲ್ ಚಾರ್ಜ್ ಆಗುತ್ತದೆ, ಆದರೆ ಅದರಲ್ಲಿರುವ ಫೋಟೋ ಕಂಪ್ಯೂಟರಿಗೆ ಬರುವುದಿಲ್ಲ. ಎಷ್ಟೋ ಜನ ಮೊಬೈಲೇ ಕೆಟ್ಟಿದೆ ಎಂದುಕೊಳ್ಳುತ್ತಾರೆ!

ನಿಮ್ಮ ಕೇಬಲಿನಲ್ಲಿ ಎಷ್ಟು ತಂತಿಗಳಿವೆ? ಹಸಿರು ಮತ್ತು ಬಿಳಿ ಜಡೆ ಹೆಣೆದುಕೊಂಡಿವೆಯೇ? ಚಿತ್ರ ಬರೆದು ತರಗತಿಯ ಗೋಡೆಗೆ ಅಂಟಿಸಿ. ಮುಂದೆ ಯಾವುದಾದರೂ ಯಂತ್ರ ಕೆಲಸ ಮಾಡದಿದ್ದಾಗ ಮೊದಲು ಕೇಬಲನ್ನು ನೋಡಿ, ಆಮೇಲೆ ಯಂತ್ರವನ್ನು ಬೈಯಿರಿ.