ಡಬ್ಬಿಯೊಳಗಿನ ಗಾಡಿ

ಗಂಡ ರಿಟೈರ್ ಆದ ಮೇಲೆ ಹೆಂಡತಿಗೆ ಕೆಲಸ ಹೆಚ್ಚು ಎಂಬುದು ನಮ್ಮ ಓಣಿಯ ಹೆಂಗಸರ ಅನುಭವದ ಮಾತು. ಕೆಲವರ ಯಜಮಾನರು ಅಡಿಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾರೆ, ಕೆಲವರು ಹಾಲಿನವನೊಡನೆ ಲೆಕ್ಕಕ್ಕೆ ನಿಲ್ಲುತ್ತಾರೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ 36 ವರ್ಷ ದುಡಿದು ಬಂದ ನಮ್ಮವರ ಕಣ್ಣು ನನ್ನ ಚಪಾತಿ ಮಣೆಯ ಮೇಲೆ ಬಿತ್ತು. ಒಂದು ಮುಂಜಾನೆ ನೋಡಿದರೆ ಅದರ ಮೇಲೊಂದು ಕೆಂಪು ಆಟಿಗೆ ಮೋಟಾರು ಬೋರಲಾಗಿ ಬಿದ್ದಿತ್ತು. ಇವರು ಅದರ ಹೊಟ್ಟೆಗೆ ಡ್ರಿಲ್ ಹಿಡಿದಿದ್ದರು.

"ಏನ್ರೀ ಇದು?"

"ರಿವೆಟ್ ತಗೀಲಿಕ್ಹತ್ತೇನಿ. ಸುಮ್ನಿರು, ಕೈ ಅಲಗ್ಯಾಡತದ."

ಅದು ಮಗ ಕಾವೆಂಟ್ರಿಯಿಂದ ಅಪ್ಪನಿಗೆಂದು ತಂದುಕೊಟ್ಟ ಮಾರಿಸ್ ಮೈನರ್ ವ್ಯಾನು. ಮಾರಿಸ್ ಮೈನರ್ ಇಂಗ್ಲೆಂಡಿನಲ್ಲಿ 1948ರಲ್ಲಿ ಬಂದ ಕಾರು. ಅದರ ವಿನ್ಯಾಸ ಮಾಡಿದ ಅಲೆಕ್ ಇಸಿಗೋನಿಸ್ ಎಂಬವನೇ ಮುಂದೆ 1959ರಲ್ಲಿ ಮಿನಿ ಕಾರನ್ನೂ ಕೊಟ್ಟ. 1953ರಲ್ಲಿ ಮೈನರ್‌ಗೆ ಮುಚ್ಚಿದ ವ್ಯಾನು, ತೆರೆದ ಪಿಕಪ್ಪು ಎಂದು ಇಬ್ಬರು ತಮ್ಮಂದಿರು ಹುಟ್ಟಿದರು. ಕೆಂಪು ವ್ಯಾನು ಅಲ್ಲಿನ ಅಂಚೆಯವರದು. ನಮ್ಮ ಮನೆಗೆ ಬಂದದ್ದು ಅಸಲಿನ 43ರಲ್ಲಿ ಒಂದು ಪಾಲು, ಅಂದರೆ 1 ಅಡಿಗೆ ಸುಮಾರು 7 ಮಿಲಿಮೀಟರ್. ಈ ಅಳತೆ ಆಟಿಗೆ ರೈಲುಗಳಿಂದ ಬಂದದ್ದೆಂದು ತಿಳಿದಾಗ ನಮ್ಮವರಿಗೆ ನೆಂಟರು ಸಿಕ್ಕಷ್ಟು ಸಂತೋಷ.

ಇವರಿಗೆ ಬೇಕಾದದ್ದು ಪಿಕಪ್ಪು, ಕೈಗೆ ಬಂದದ್ದು ವ್ಯಾನು. ಪಿಕಪ್ಪೇ ಯಾಕೆ ಅಂತೀರಿ? ಇವರ ಸೋದರಮಾವನ ಹತ್ತಿರ ಒಂದು ಲ್ಯಾಂಡ್‌ಮಾಸ್ಟರ್ ಇತ್ತು. ಹಿಂದುಸ್ತಾನ್ ಮೋಟರ್ಸ್‌ನವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಇಲ್ಲಿ ಆ ಹೆಸರಿನಿಂದ ಮಾರಿದ್ದರು. 2014ರವರೆಗೆ ತಯಾರಾದ ಅಂಬಾಸಿಡರ್‌ಗೆ ಅದು ಅಣ್ಣ. ಗಾಡಿ ಮುದಿಯಾದಾಗ ಮಾವ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಅದರ ಬೆನ್ನು ಕೊಯ್ಸಿ, ಹಲಗೆ ಬಡಿಸಿ, ಬ್ಯಾಡಗಿ ಮೆಣಸಿನಕಾಯಿ ಹೇರುವ ಪಿಕಪ್ ಮಾಡಿಸಿದರಂತೆ. ಚೀಲಗಳ ಮೇಲೆ ಕೂತು ಸೀನುತ್ತ ಸೀನುತ್ತ ಬರುವುದೇ ಇವರ ಬಾಲ್ಯದ ದೊಡ್ಡ ಸುಖ.

ಹೀಗೆ ವ್ಯಾನಿನ ಶಸ್ತ್ರಚಿಕಿತ್ಸೆ ನಡೆಯಿತು. ರಿವೆಟ್ಟಿನ ತಲೆ ಹಾರಿಸಿದೊಡನೆ ಮೈ ಬೇರೆ, ತಳ ಬೇರೆ. ಬಣ್ಣ ಕಳಚಿದ ಮೇಲೆ ಒಳಗಿನ ಬೂದು ಲೋಹ ಕಂಡಿತು. ಸತುವಿಗೆ ಅಲ್ಯುಮಿನಿಯಂ ಬೆರೆಸಿ ಎರಕ ಹೊಯ್ದದ್ದು. ಬೆಸುಗೆಯ ಬಿಸಿ ಹೆಚ್ಚಾದರೆ ಕರಗುತ್ತದೆ, ಒತ್ತಿ ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ಬಾಗಿಲುಗಳ ಹಿಂದೆ ಪಟ್ಟಿ ಅಂಟಿಸಿ, ಗೆರೆ ಹಿಡಿದು, ಸಣ್ಣ ಗರಗಸದಿಂದ ಮೂರು ದಿನ ಕೊಯ್ದರು. ಅರದ ಹಲ್ಲಿಗೆ ಲೋಹ ಮೆತ್ತಿಕೊಳ್ಳುತ್ತದೆಂದು ಮೊದಲೇ ಸೀಮೆಸುಣ್ಣ ತಿಕ್ಕುತ್ತಿದ್ದರು. ಡ್ರೈವರನ ಬೆನ್ನ ಹಿಂದಿನ ಗೋಡೆಗೆ ನನ್ನ ಹಪ್ಪಳದ ಡಬ್ಬಿಯ ಮುಚ್ಚಳ ಹೋಯಿತು. ಹಿಂದಿನ ಹಾಸಿಗೆ ಐಸ್‌ಕ್ಯಾಂಡಿಯ ಕಡ್ಡಿಗಳು. ಅಂಟಿಸಲು ಅರಾಲ್ಡೈಟ್. ಅದನ್ನು ಕಲಸಿದ್ದು ಉಪ್ಪಿನಕಾಯಿಯ ಚಮಚದಲ್ಲಿ ಎಂದು ತಿಳಿದ ದಿನ ನಾನು ಇವರೊಡನೆ ಮಾತು ಬಿಟ್ಟೆ.

ಅಷ್ಟರಲ್ಲಿ ಮಗನ ಫೋನು ಬಂತು. ಇವರು ಉತ್ಸಾಹದಿಂದ ಹೇಳಿದರು. ಆ ಕಡೆಯಿಂದ ಮಾತೇ ಇಲ್ಲ.

"ಅಪ್ಪಾ, ಖರೇನ ಕೊಯ್ದ್ರ್ಯಾ? ಎಷ್ಟು ಅಂಗಡಿ ಹುಡುಕಿ ತಂದಿದ್ದೆ ನಾ. ಡಬ್ಬ್ಯಾಗ ಹಂಗೇ ಇಟ್ಟಿದ್ರ ಮುಂದ ಬೆಲೆನೂ ಬರತಿತ್ತು."

"ಡಬ್ಬ್ಯಾಗಿನ ಗಾಡಿ ಎಲ್ಲಿಗಪ್ಪಾ ಹೋಗತದ?" ಅಂದರು ಇವರು. ಮಗ ಫೋನ್ ಇಟ್ಟ. ಮುಂದಿನ ಎರಡು ರವಿವಾರ ಅವನ ಫೋನು ಬರಲಿಲ್ಲ. ಇವರು ಅರ್ಧ ಬಣ್ಣದ ಗಾಡಿಯನ್ನು ಕಿಟಕಿಯಲ್ಲಿಟ್ಟು ಸುಮ್ಮನೆ ಕೂರತೊಡಗಿದರು. ನಾನು ಮಗನ ಪಕ್ಷ. ಪ್ರೀತಿಯಿಂದ ಕೊಟ್ಟದ್ದನ್ನು ಯಾರಾದರೂ ಕೊಯ್ಯುತ್ತಾರೆಯೇ?

ಆದರೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಟ್ರಂಕಿನ ತಳದಲ್ಲಿ ಅವ್ವನ ಇಳಕಲ್ ರೇಷ್ಮೆ ಸೀರೆಯಿದೆ, ತೋಪ ತೆನಿ ಸೆರಗಿನದು. ಅವ್ವ ಹೋಗಿ ಹತ್ತೊಂಬತ್ತು ವರ್ಷವಾಯಿತು. ಉಟ್ಟರೆ ಹರಿದೀತೆಂದು ಉಡಲಿಲ್ಲ, ಕೊಟ್ಟರೆ ಹೋದೀತೆಂದು ಕೊಡಲಿಲ್ಲ. ಮರುದಿನ ತೆಗೆದು ಬಿಚ್ಚಿದೆ. ಮಡಿಕೆ ಮಡಿಕೆಗೂ ಸೀಳು ಬಿಟ್ಟಿತ್ತು. ಯಾರೂ ಮುಟ್ಟದೆಯೇ ಅದು ಹರಿದಿತ್ತು.

ನೆಲದ ಮೇಲೆ ಕೂತು ಅತ್ತೆ. ಇವರು ಬಂದು ಪಕ್ಕದಲ್ಲಿ ಕೂತರು, ಏನೂ ಅನ್ನಲಿಲ್ಲ. ಸೀರೆಯ ಒಡಲು ಮತ್ತು ಸೆರಗು ಕೂಡುವಲ್ಲಿ ಬೆರಳಾಡಿಸಿ, "ಇದೂ ಜೋಡಿಸಿದ್ದೇ ಅಲ್ಲೇನು?" ಅಂದರು. ಹೌದು. ಇಳಕಲ್ಲಿನ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಸೀರೆ ಸೀಳಿದ್ದರೂ ಆ ಕೊಂಡಿ ಮಾತ್ರ ಎಲ್ಲೂ ಬಿಟ್ಟಿರಲಿಲ್ಲ.

ನಮ್ಮ ಕಡೆ ಹಳೆಯ ಸೀರೆ ಹರಿದರೆ ಕೌದಿಯಾಗುತ್ತದೆ. ಅವ್ವನೇ ಎಷ್ಟು ಕೌದಿ ಹೊಲಿದಳು! ಅವಳ ಅತ್ತೆಯ ಸೀರೆ ನನ್ನ ತೊಟ್ಟಿಲಲ್ಲಿತ್ತು. ಕತ್ತರಿ ಹಾಕುವುದನ್ನು ಅವಳು ಅಗೌರವ ಅಂದುಕೊಂಡಿದ್ದರೆ ನಾನು ಚಳಿಯಲ್ಲಿ ನಡುಗಬೇಕಿತ್ತು. ಕಾವೆಂಟ್ರಿಯಲ್ಲಿ ಸೊಸೆಗೆ ಏಳು ತಿಂಗಳು.

ಮೂರನೆಯ ರವಿವಾರ ನಾನೇ ಫೋನ್ ಮಾಡಿ ಸೀರೆಯ ಕತೆ ಹೇಳಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಬಣ್ಣ ಯಾವುದು ಹಚ್ಚ್ಯಾರ?" ಎಂದು ಕೇಳಿದ. ಹಸಿರು ಅಂದೆ. "ಫೋಟೋ ಕಳಿಸಲಿಕ್ಕೆ ಹೇಳು" ಅಂದ. ಪೂರ್ತಿ ಒಪ್ಪಿದನೋ ಇಲ್ಲವೋ, ಕೇಳಲಿಲ್ಲ.

ಈಗ ಗಾಡಿ ಮುಗಿದಿದೆ. ಹಿಂದೆ ಮೆಣಸಿನಕಾಯಿಯ ಚೀಲಗಳು ಬೇಕಂತೆ. ಗೋಣಿಯ ನೂಲಿನಿಂದ ನಾನೇ ಆರು ಹೊಲಿದುಕೊಟ್ಟೆ, ಒಂದೊಂದು ಹುಣಸೆಬೀಜದಷ್ಟು. ಅದು ಮುಗಿಸಿ ಸೀರೆಯನ್ನು ನೆಲಕ್ಕೆ ಹಾಸಿದೆ. ಇವರು ಒಂದು ಅಂಚು ಹಿಡಿದು ಬಗ್ಗಿ ನೋಡುತ್ತ, ಇಲ್ಲಿ ಕೊಯ್ಯಿ, ಅಲ್ಲಿ ಬೇಡ ಅನ್ನತೊಡಗಿದರು.

"ಸುಮ್ನಿರ್ರಿ," ಅಂದೆ, "ಕೈ ಅಲಗ್ಯಾಡತದ."